ಹದಿನೈದು ಚಿನ್ನದ ಕತ್ತಿ ಎಷ್ಟು ದಿನದ ಕೆಲಸ?

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಗೆಳೆಯನ ರೂಮಿನಲ್ಲಿ ಮೊದಲ ಸಲ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಿದೆ. ಗೊತ್ತಿಲ್ಲದವರಿಗೆ ಒಂದು ಮಾತು: ಇದು ಕಂಪ್ಯೂಟರ್ ಆಟವಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು, ಬಾಯಲ್ಲೇ ಕಥೆ ಕಟ್ಟುತ್ತಾ ಹೋಗುತ್ತಾರೆ. ಏಟು ಬಿತ್ತೋ ತಪ್ಪಿತೋ ಅನ್ನುವುದನ್ನು ದಾಳ ಹೇಳುತ್ತದೆ. ನಾನು ಕುಳ್ಳ ಕಮ್ಮಾರನ ಪಾತ್ರ ಆರಿಸಿಕೊಂಡೆ. ಚಿಕ್ಕಂದಿನಲ್ಲಿ ನಮ್ಮೂರ ಕುಲುಮೆಯ ಮುಂದೆ ಮೊಂಡು ಕುಡುಗೋಲು ಹಿಡಿದು ಕಾದು ಕೂರುತ್ತಿದ್ದ ನೆನಪು ಅದಕ್ಕೆ ಕಾರಣ.

ನನ್ನ ಸರದಿ ಬಂದಾಗ ‘ಒಂದು ಉದ್ದ ಕತ್ತಿ ಮಾಡ್ತೀನಿ’ ಅಂದೆ. ಆಟ ನಡೆಸುತ್ತಿದ್ದ ಗೆಳೆಯ ಪುಸ್ತಕ ತಿರುವಿ, ‘ಮೂರು ದಿನ. ಕಚ್ಚಾ ಮಾಲಿಗೆ ಏಳೂವರೆ ಚಿನ್ನದ ನಾಣ್ಯ’ ಅಂದ. ಮೂರೇ ದಿನವಾ? ಆ ಲೆಕ್ಕ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹಳೆಯ ನಿಯಮ ಪುಸ್ತಕಗಳ ಬೆನ್ನು ಹತ್ತಿದೆ.

ಆಟ ಹುಟ್ಟಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ರೂಪಿಸಿದ್ದು 1974ರಲ್ಲಿ ಹೊರಬಂತು. ಮೊದಲು ಅಚ್ಚಾದದ್ದು ಸಾವಿರ ಪ್ರತಿ. ಗೈಗ್ಯಾಕ್ಸ್ ಇನ್ಶೂರೆನ್ಸ್ ಕೆಲಸ ಕಳೆದುಕೊಂಡು, ಮನೆಯ ನೆಲಮಾಳಿಗೆಯಲ್ಲಿ ಬೂಟು ರಿಪೇರಿ ಮಾಡಿ ಸಂಸಾರ ತೂಗಿಸುತ್ತಿದ್ದ ಕಾಲ ಅದು. ಕೈಕಸುಬಿನವನೇ ಬರೆದ ಪುಸ್ತಕ ಅಂತ ಆಸೆಯಿಂದ ನೋಡಿದೆ. ಆಯುಧಗಳ ಬೆಲೆಪಟ್ಟಿ ಇದೆ. ಆಗಿನ್ನೂ ಎಲ್ಲ ಆಯುಧಗಳ ಏಟಿಗೂ ಒಂದೇ ಆರು ಮುಖದ ದಾಳ. ಕಠಾರಿಯೂ ಅಷ್ಟೇ, ಕೊಡಲಿಯೂ ಅಷ್ಟೇ. ಒಂದೊಂದು ಆಯುಧಕ್ಕೆ ಬೇರೆ ಬೇರೆ ಏಟಿನ ಲೆಕ್ಕ ಬಂದದ್ದು 1975ರ ‘ಗ್ರೇಹಾಕ್’ ಪುರವಣಿಯಲ್ಲಿ. 1979ರ ಡಂಜನ್ ಮಾಸ್ಟರ್‌ಗಳ ಕೈಪಿಡಿಯಲ್ಲಿ ಕಮ್ಮಾರ ಕಾಣಿಸಿಕೊಳ್ಳುತ್ತಾನೆ, ಕೋಟೆ ಕಟ್ಟಿಕೊಂಡ ವೀರ ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳುವ ಆಳುಗಳ ಪಟ್ಟಿಯಲ್ಲಿ.

ಆಟಗಾರನೇ ಕುಲುಮೆಗೆ ಇಳಿಯಲು ಪಕ್ಕಾ ಕೋಷ್ಟಕ ಸಿಗುವುದು 1989ರ ಎರಡನೇ ಆವೃತ್ತಿಯಲ್ಲಿ. ನನಗೆ ಬಹಳ ಇಷ್ಟವಾದ ಪುಟ ಅದು. ಕಠಾರಿಗೆ 5 ದಿನ, ಗಿಡ್ಡ ಕತ್ತಿಗೆ 20, ಉದ್ದ ಕತ್ತಿಗೆ 30, ಎರಡು ಕೈಯಲ್ಲಿ ಹಿಡಿಯುವ ಕತ್ತಿಗೆ 45 ದಿನ. ಉದ್ದ ಕತ್ತಿಯ ಪೇಟೆ ಬೆಲೆ 15 ಚಿನ್ನದ ನಾಣ್ಯ, ಅದಕ್ಕೆ ಬೇಕಾದ ಕಚ್ಚಾ ಮಾಲು 10 ಬೆಳ್ಳಿ ನಾಣ್ಯ, ಅಂದರೆ ಒಂದು ಚಿನ್ನದ ನಾಣ್ಯ. ಉಳಿದ ಹದಿನಾಲ್ಕು ಕಮ್ಮಾರನ ಕೈ ಬೆಲೆ. ಯಾರು ಲೆಕ್ಕ ಹಾಕಿದರೋ, ಕಸುಬಿಗೆ ಮರ್ಯಾದೆ ಕೊಟ್ಟೇ ಹಾಕಿದ್ದಾರೆ.

2000ದಲ್ಲಿ ಬಂದ ಮೂರನೇ ಆವೃತ್ತಿ ಕಸುಬನ್ನು ದಾಳಕ್ಕೆ ಒಪ್ಪಿಸಿತು. ಬೆಲೆಯ ಮೂರನೇ ಒಂದು ಭಾಗ ಕಚ್ಚಾ ಮಾಲಿಗೆ ಹಾಕಿ ವಾರಕ್ಕೊಮ್ಮೆ ದಾಳ ಉರುಳಿಸಬೇಕು. ದಾಳ ಒಲಿದರೆ ಉದ್ದ ಕತ್ತಿ ಒಂದೇ ವಾರದೊಳಗೆ ಕೈಗೆ ಬರುತ್ತದೆ. 2008ರ ನಾಲ್ಕನೆಯದರಲ್ಲಿ ಆ ಕಸುಬಿನ ಕೌಶಲವನ್ನೇ ತೆಗೆದು ಹಾಕಿದರು. 2014ರ ಐದನೆಯದರಲ್ಲಿ ದಿನಕ್ಕೆ 5 ಚಿನ್ನದ ನಾಣ್ಯದಷ್ಟು ಕೆಲಸ, ಕಚ್ಚಾ ಮಾಲಿಗೆ ಅರ್ಧ ಬೆಲೆ; ಗೆಳೆಯ ಹೇಳಿದ್ದು ಇದೇ ಲೆಕ್ಕ. 2024ರ ಹೊಸ ಪುಸ್ತಕದ ಪ್ರಕಾರ ಅದೇ ಕತ್ತಿ ಎರಡು ದಿನದ ಕೆಲಸ.

ಇಷ್ಟು ವರ್ಷದಲ್ಲಿ ಕತ್ತಿಯ ಬೆಲೆ ಮಾತ್ರ ಅಲುಗಲಿಲ್ಲ, 1989ರಲ್ಲೂ 15, 2024ರಲ್ಲೂ 15. ಕರಗಿದ್ದು ಕೈ ಬೆಲೆ. ಹದಿನಾಲ್ಕು ಇದ್ದದ್ದು ಹತ್ತಾಯಿತು, ಹತ್ತು ಇದ್ದದ್ದು ಏಳೂವರೆಯಾಯಿತು.

ನಿಯಮ ಬರೆದವರ ಕಷ್ಟವೂ ಅರ್ಥವಾಗುತ್ತದೆ. ಒಬ್ಬ ಮೂವತ್ತು ದಿನ ಸುತ್ತಿಗೆ ಬಡಿಯುತ್ತಾ ಕೂತರೆ ಉಳಿದ ನಾಲ್ವರು ಆಕಳಿಸಬೇಕಾಗುತ್ತದೆ. ಗುಹೆಯಲ್ಲಿ ಡ್ರ್ಯಾಗನ್ ಕಾಯುತ್ತಿದೆ. ಇನ್ನೊಂದು ಕಡೆ, ಮಾಡಿದ್ದನ್ನೆಲ್ಲ ಮಾರಿ ದುಡ್ಡು ಮಾಡುವುದು ಸುಲಭವಾದರೆ ಸಾಹಸ ಬಿಟ್ಟು ಅಂಗಡಿ ತೆರೆಯುವವರೇ ಹೆಚ್ಚಾಗುತ್ತಾರೆ. ಅದಕ್ಕೇ ಸಮಯವನ್ನೂ ಲಾಭವನ್ನೂ ಒಟ್ಟಿಗೆ ಇಳಿಸಿದರು ಅಂತ ನನ್ನ ಊಹೆ.

ಮಂತ್ರದ ಆಯುಧದ ಕಥೆ ಬೇರೆ. ಅಲ್ಲಿ ಮಾಡುವವನು ದುಡ್ಡಿನ ಜೊತೆ ತನ್ನದೇ ಏನನ್ನೋ ತೆರಬೇಕಿತ್ತು. 1979ರ ನಿಯಮದಲ್ಲಿ, ಮಾಯೆ ಶಾಶ್ವತವಾಗಿ ನಿಲ್ಲುವಂತೆ ಮಂತ್ರ ಹಾಕಿದವನ ದೇಹಶಕ್ತಿಯೇ ಒಂದು ಅಂಕ ಕುಸಿಯುವ ಅಪಾಯವಿತ್ತು. 2000ದಲ್ಲಿ ತೀರ ಸಾಧಾರಣ ಮಂತ್ರದ ಕತ್ತಿಗೂ ಗಳಿಸಿದ ಅನುಭವದಿಂದ 80 ಅಂಕ ಹೋಗುತ್ತಿತ್ತು. ಮಂತ್ರವಾದಿಗೆ ಬೆವರಿನ ಬೆಲೆ ಬರೆದವರು ಕಮ್ಮಾರನಿಗೆ ಯಾಕೆ ಬರೆಯಲಿಲ್ಲ ಅಂತ ನನಗೆ ಸ್ವಲ್ಪ ಸಿಟ್ಟೇ ಬಂತು.

ಈ ಆಟಗಳಿಗೆ, ಇವುಗಳ ನೆಂಟರಾದ ಫ್ಯಾಂಟಸಿ ಕಾದಂಬರಿಗಳಿಗೆ ‘ರಹಸ್ಯ ಲೋಹ’ದ ಹುಚ್ಚು ಜಾಸ್ತಿ. ‘ಗೇಮ್ ಆಫ್ ಥ್ರೋನ್ಸ್’ ಓದಿದವರಿಗೆ, ಹೊಸದಾಗಿ ಮಾಡುವ ವಿದ್ಯೆ ಕಳೆದುಹೋದ, ಮೈಮೇಲೆ ಅಲೆಯಲೆ ಗೆರೆಗಳಿರುವ ವಲೀರಿಯನ್ ಉಕ್ಕು ನೆನಪಿರಬಹುದು. ಅಂಥ ಗೆರೆಗಳು ನಿಜ ಇತಿಹಾಸದಲ್ಲಿ ಡಮಾಸ್ಕಸ್ ಕತ್ತಿಗಳ ಮೇಲಿದ್ದವು. ಆ ಕತ್ತಿಗಳ ಉಕ್ಕಿನ ಗಟ್ಟಿಗಳು ಹೆಚ್ಚಾಗಿ ದಕ್ಷಿಣ ಭಾರತದಿಂದ ಪಶ್ಚಿಮ ಏಷ್ಯಾಕ್ಕೆ ಹೋಗುತ್ತಿದ್ದವು. ಇಂಗ್ಲಿಷಿನವರು ಅದನ್ನು ‘ವೂಟ್ಜ್’ ಎಂದರು. ಈ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದದ್ದೆಂದು ಹಲವು ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಓದಿದ. ವಿದ್ಯುತ್ತಿನ ಮೈಕೆಲ್ ಫ್ಯಾರಡೆ ಕೂಡ 1820ರ ಸುಮಾರಿಗೆ ಅದರ ಗುಟ್ಟು ಹುಡುಕಿದವನೇ.

ಆದರೆ 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಂಡದ್ದರಲ್ಲಿ ಮಂತ್ರ ತಂತ್ರ ಏನೂ ಇಲ್ಲ. ಮಣ್ಣಿನ ಮೂಸೆ, ಅದರೊಳಗೊಂದು ಕಬ್ಬಿಣದ ತುಂಡು, ಜೊತೆಗೆ ತಂಗಡಿ ಕಡ್ಡಿ, ಹಸಿರೆಲೆ. ಮೇಲೆ ಇದ್ದಿಲ ಬೆಂಕಿ, ಪಕ್ಕದಲ್ಲಿ ತಿದಿ ಒತ್ತುವವರು. ತಂಗಡಿ ಅಂದರೆ ಬಯಲುಸೀಮೆಯ ರಸ್ತೆಬದಿಯಲ್ಲಿ ಹಳದಿ ಹೂ ಬಿಡುವ ಅದೇ ಗಿಡ. ಕಬ್ಬಿಣ, ಉಕ್ಕು ಮಾಡುವ ಕಡೆಗಳಲ್ಲಿ ಯಾರಿಗೆ ಎಷ್ಟು ಖರ್ಚು, ಯಾರಿಗೆ ಎಷ್ಟು ಪಾಲು ಅನ್ನುವುದನ್ನೂ ಅವನು ಕೂತು ಬರೆದುಕೊಂಡ. ರಹಸ್ಯ ಅನ್ನುವುದು ದೂರದಲ್ಲಿ ಕೊಂಡುಕೊಂಡವರಿಗೆ. ತಿದಿ ಒತ್ತುವವನಿಗೆ ಅದು ದಿನದ ಕೂಲಿ.

ಮುಂದಿನ ಭಾನುವಾರ 1989ರ ಕೋಷ್ಟಕವನ್ನು ಗೆಳೆಯನ ಮುಂದಿಟ್ಟೆ. ನನ್ನ ಕಮ್ಮಾರನಿಗೆ ಈ ಲೆಕ್ಕವೇ ಸಾಕು ಅಂದೆ. ಅವನು ಒಪ್ಪಿದ. ಎದುರಿಗಿದ್ದ ಮಾಂತ್ರಿಕಳ ಪಾತ್ರದವಳು ಮಾತ್ರ, ‘ಮೂವತ್ತು ದಿನ ನಾವೆಲ್ಲ ಏನು ಮಾಡೋದು?’ ಅಂತ ಮುಖ ಗಂಟಿಕ್ಕಿದಳು.

‘ತಿದಿ ಒತ್ತು’ ಅಂದೆ.