ಯಾರಿಗೂ ಬ್ಯಾಡಾದ ಮಣ್ಣಿನ ಗಾಲ್ಫ್

1/6

ಹೋದ ಸರಣಿ ನಮ್ಮ ಕೋಟೆ ಬಗ್ಗೆ ಇತ್ತು. ಈ ಸಲ ಗಾಲ್ಫ್ ಮೈದಾನ. ನಗಬ್ಯಾಡ್ರಿ, ನೆಹರು ಗಂಜ್‌ನಿಂದಾನೇ ಶುರು ಮಾಡ್ತೀನಿ.

ಮೊದಲ ಫೋಟೊದಾಗ ಇರೋದು ಸುಗ್ಗಿ ದಿನದ ಗಂಜ್. ಅಡತಿ ಅಂಗಡಿ ಮುಂದ ತೊಗರಿ ಚೀಲ, ಹಮಾಲರು, ಲಿಲಾವಿನ ಗದ್ದಲ. ಇಲ್ಲಿ ಮಾತು ಕಾಳಿಂದ ಶುರುವಾದ್ರೂ ಕಡೀಕ್ ಬಂದು ನಿಲ್ಲೋದು ಮಣ್ಣಿಗೇ. ಎರಿ ಹೊಲ ಇದ್ದವ ಕುರ್ಚಿ ಮ್ಯಾಲೆ ಒರಗಿ ಮಾತಾಡ್ತಾನ. ಮಸಾರಿ ಹೊಲದವ ಸ್ವಲ್ಪ ತಗ್ಗಿ ಮಾತಾಡ್ತಾನ. ಕಲ್ಲು ಮರಡಿ, ಗಾಯರಾಣ ಅಂದ್ರ ಅದು ಲೆಕ್ಕಕ್ಕೇ ಇಲ್ಲ, "ಅಲ್ಲೇನದ, ಬರೇ ದನ ಬಿಡೋ ಜಾಗ."

ಯುರೋಪಿನಲ್ಲೂ ಮಣ್ಣಿಗೆ ಇಂಥದ್ದೇ ಶ್ರೇಣಿ ಇತ್ತು. ಅದರ ಕಟ್ಟಕಡೆಯ ಮೆಟ್ಟಿಲಿನಲ್ಲಿದ್ದ ನೆಲಕ್ಕೆ ಹೀತ್ ಅಂತ ಹೆಸರು. ಸುಮಾರು ನೂರು ವರ್ಷದ ಹಿಂದೆ ಜಗತ್ತಿನ ಅತಿ ಚಂದದ ಕೆಲವು ಗಾಲ್ಫ್ ಮೈದಾನಗಳು ಹುಟ್ಟಿದ್ದು ಆ ನೆಲದಲ್ಲೇ. ಹೆಂಗ ಹುಟ್ಟಿದ್ವು, ಅದಕ್ಕಿಂತ ಮೊದಲು ಆ ನೆಲ ಯಾರದಿತ್ತು, ಎರಡೂ ಹೇಳ್ತೀನಿ.

2/6

ಹಾಲೆಂಡ್, ಬೆಲ್ಜಿಯಂ, ಉತ್ತರ ಜರ್ಮನಿಯ ದೊಡ್ಡ ಭಾಗ ಹಿಮಯುಗ ಬಿಟ್ಟುಹೋದ ಮರಳು. ಮಳೆ ಬಿದ್ದರೆ ನೀರು ನಿಲ್ಲುವುದಿಲ್ಲ, ಗೊಬ್ಬರ ಹಾಕಿದರೆ ಸಾರ ನಿಲ್ಲುವುದಿಲ್ಲ. ಅಲ್ಲಿ ಹಟ ಹಿಡಿದು ಬೆಳೆಯೋದು ಹೆದರ್ ಅನ್ನೋ ಮೊಣಕಾಲೆತ್ತರದ ಗಟ್ಟಿ ಪೊದೆ. ಆಗಸ್ಟ್‌ನಲ್ಲಿ ಅದು ಹೂ ಬಿಟ್ಟಾಗ ಇಡೀ ಬಯಲು ನೇರಳೆ (ಎರಡನೇ ಫೋಟೊ, ಫಿಲ್ಟರ್ ಹಾಕಿಲ್ಲ).

ನಾನು ಇದನ್ನ ಕಾಡು ನಿಸರ್ಗ ಅಂದುಕೊಂಡಿದ್ದೆ. ತಪ್ಪು. ಹೀತ್ ಮನುಷ್ಯ ಮಾಡಿದ ನೆಲ. ಸಾವಿರಾರು ವರ್ಷ ಕಾಡು ಕಡಿದು, ಸುಟ್ಟು, ಕುರಿ ಮೇಯಿಸಿ ಆದ ಬಯಲು ಅದು. ರೈತರು ಅಲ್ಲಿನ ಹೆದರ್ ಹೆಪ್ಪನ್ನು ಬೇರು ಸಮೇತ ಸಲಿಕೆಯಿಂದ ಕೆತ್ತಿ ತಂದು ಕುರಿದೊಡ್ಡಿಯಲ್ಲಿ ಹಾಸುತ್ತಿದ್ದರು. ಹಿಕ್ಕೆ, ಗಂಜಲ ಕುಡಿದ ಆ ಹಾಸನ್ನು ಆಮೇಲೆ ರೈ ಬೆಳೆಯುವ ಹೊಲಕ್ಕೆ ಹೊತ್ತು ಹಾಕುತ್ತಿದ್ದರು. ಶತಮಾನಗಟ್ಟಲೆ ಹೀಗೆ ಹಾಕಿ ಹಾಕಿ ಕೆಲವು ಊರುಗಳ ಹೊಲ ಸುತ್ತಲಿನ ನೆಲಕ್ಕಿಂತ ಎತ್ತರ ಎದ್ದು ನಿಂತವ. ನಮ್ಮ ಕಡೆ ಬ್ಯಾಸಗಿಯೊಳಗ ಕುರುಬರ ಹಿಂಡನ್ನ ಕಾಳು, ರೊಕ್ಕ ಕೊಟ್ಟು ರಾತ್ರಿ ಹೊಲದಾಗ ನಿಲ್ಲಿಸಿಕೊಳ್ತಾರಲ್ಲ, ಅದೇ ಲೆಕ್ಕ. ಬಯಲು ಉಪವಾಸ ಇದ್ದು ಹೊಲಕ್ಕೆ ಉಣಿಸಿತು.

ಅಂದ್ರ ಕಾಗದದ ಮ್ಯಾಲೆ ಬಂಜರು, ಊರಿನ ಬಾಳಿನ್ಯಾಗ ಜೀವಾಳ. 19ನೇ ಶತಮಾನದ ಕೊನೆಗೆ ಅಂಗಡಿ ಗೊಬ್ಬರ ಬಂತು, ದೂರದೇಶದ ಅಗ್ಗದ ಉಣ್ಣೆ ಬಂತು, ಕುರಿ ಲೆಕ್ಕ ಮುರಿದುಬಿತ್ತು. ಹೀತ್ ಬಯಲನ್ನು ಹೊಲ, ಕಾಡು ಮಾಡಲಿಕ್ಕಂತಲೇ 1888ರಲ್ಲಿ ಹಾಲೆಂಡಿನಲ್ಲಿ ಒಂದು ಸಂಸ್ಥೆಯೇ ಹುಟ್ಟಿತು. ವ್ಯಾನ್ ಗೋ 1883ರ ಶರತ್ಕಾಲದಲ್ಲಿ ಡ್ರೆಂತೆಯ ಹೀತ್ ಬಯಲಿನಲ್ಲಿದ್ದ. ಅಲ್ಲಿಂದ ನ್ಯೂನೆನ್ ಎಂಬ ಹಳ್ಳಿಗೆ ಹೋಗಿ 1885ರಲ್ಲಿ ಆಲೂಗಡ್ಡೆ ತಿನ್ನುವ ಆ ಬಡ ಕುಟುಂಬದ ಚಿತ್ರ ಬರೆದ. ಆ ನ್ಯೂನೆನ್ ಹೆಸರು ನೆನಪಿಡ್ರಿ, ಮುಂದ ಬೇಕಾಗ್ತದ.

3/6

ಗಾಲ್ಫ್ ಬೆಳೆದದ್ದು ಸ್ಕಾಟ್ಲೆಂಡಿನ ಸಮುದ್ರ ದಂಡೆಯ ಮರಳು ದಿಬ್ಬಗಳಲ್ಲಿ. ಆ ಹುಚ್ಚು ಲಂಡನ್ ಕಡೆ ಹಬ್ಬಿದಾಗ ಸಿಕ್ಕಿದ್ದು ಜೇಡಿಮಣ್ಣು. ಮಳೆಯಲ್ಲಿ ರಾಡಿ, ಬಿಸಿಲಲ್ಲಿ ಬಿರುಕು. ಮಳೆಗಾಲದಾಗ ಎರಿ ಹೊಲದಾಗ ನಾಕು ಹೆಜ್ಜಿ ಇಟ್ಟು ನೋಡ್ರಿ, ಚಪ್ಪಲಿಗೆ ಸೇರು ಮಣ್ಣು ಅಂಟ್ತದ. ಅದರ ಮ್ಯಾಲೆ ಚೆಂಡು ಉರುಳಿಸೋದು ಎಲ್ಲಿಂದ ಬಂತು.

ವಿನ್ಯಾಸವೂ ಅಷ್ಟಕ್ಕಷ್ಟೇ. ಹೆಸರಾಂತ ಆಟಗಾರನೊಬ್ಬ ಬಂದು ಒಂದೇ ಮಧ್ಯಾಹ್ನದಲ್ಲಿ ಹದಿನೆಂಟು ಗೂಟ ಹೊಡೆದು ಹೋಗುತ್ತಿದ್ದ. ಅಡ್ಡಲಾಗಿ ನೆಟ್ಟಗೆ ಒಂದು ಮಣ್ಣಿನ ಒಡ್ಡು. ದಾಟಿಸಿದರೆ ಗೆದ್ದೆ, ಇಲ್ಲಾಂದ್ರೆ ಸೋತೆ.

ಲಂಡನ್ನಿನ ನೈಋತ್ಯಕ್ಕೆ, ಸರ್ರೆ ಸೀಮೆಯ ಸುತ್ತ, ಮರಳಿನ ಹೀತ್ ಬಯಲು ಬಿದ್ದುಕೊಂಡಿತ್ತು. 1901ರಲ್ಲಿ ವಿಲ್ಲಿ ಪಾರ್ಕ್ ಜೂನಿಯರ್ ಅಲ್ಲಿ ಸನ್ನಿಂಗ್‌ಡೇಲ್ ಮಾಡಿದ. 1904ರಲ್ಲಿ ಹರ್ಬರ್ಟ್ ಫೌಲರ್ ವಾಲ್ಟನ್ ಹೀತ್ ಮಾಡಿದ. ಮಳೆ ನಿಂತ ಕೂಡಲೇ ಆಡಬಹುದು! ಸನ್ನಿಂಗ್‌ಡೇಲ್ ಕ್ಲಬ್ಬಿಗೆ ಸೆಕ್ರೆಟರಿಯಾಗಿ ಬಂದವನು ಹ್ಯಾರಿ ಕೋಲ್ಟ್. ಕೇಂಬ್ರಿಜ್‌ನಲ್ಲಿ ಕಾನೂನು ಓದಿದ ವಕೀಲ, ಹೊಟ್ಟೆಪಾಡಿಗೆ ಗಾಲ್ಫ್ ಆಡಿದವನಲ್ಲ. ಈ ಸರಣಿಯ ಹೀರೊ ಅವನೇ.

ಕೋಲ್ಟ್ ಮಾಡಿದ್ದು ಇಷ್ಟು. ಅಡ್ಡ ಒಡ್ಡು ತೆಗೆದು ಮರಳುಗುಂಡಿಯನ್ನು ಓರೆಯಾಗಿ, ಒಂದು ಪಕ್ಕಕ್ಕೆ ಇಟ್ಟ. ಧೈರ್ಯ ಇದ್ದವನು ಗುಂಡಿಯ ಅಂಚಿಗೇ ಹೊಡೆದರೆ ಮುಂದಿನ ಹೊಡೆತಕ್ಕೆ ಗುರಿ ನೇರ ತೆರೆದು ಕಾಣುತ್ತೆ. ಅಂಜಿದವನು ಆ ಕಡೆಯ ಅಗಲ ಬಯಲಿಗೆ ಹೊಡೆಯಬಹುದು, ಶಿಕ್ಷೆ ಇಲ್ಲ, ಆದರೆ ಮುಂದಿನ ಹೊಡೆತ ತ್ರಾಸು. ಕ್ರಿಕೆಟ್‌ನಾಗ ಸ್ಪಿನ್ನರ್ ಕವರ್ ಖಾಲಿ ಬಿಟ್ಟು ಡ್ರೈವ್ ಹೊಡಿ ಬಾ ಅಂತ ಕರೀತಾನಲ್ಲ, ಅದೇ ಆಟ. ಮೈದಾನ ಬೈಯೋದು ಬಿಟ್ಟು ಪ್ರಶ್ನೆ ಕೇಳಲಿಕ್ಕೆ ಶುರು ಮಾಡಿತು.

4/6

ಈಗ ನ್ಯೂನೆನ್ ನೆನಪು ಮಾಡಿಕೊಳ್ರಿ. ಅದರ ಪಕ್ಕದ ಊರು ಐಂಡ್‌ಹೋವನ್, ನಮ್ಮಜ್ಜನ ಕಾಲದಿಂದ ಮನಿ ಮನಿಯಾಗ ಉರಿದ ಫಿಲಿಪ್ಸ್ ಬಲ್ಬಿನ ತವರು. ಆ ಫಿಲಿಪ್ಸ್ ಕುಟುಂಬದವರು ಮುಂದಾಗಿ ಕೋಲ್ಟ್‌ನನ್ನು ಕರೆಸಿದರು. 1930ರಲ್ಲಿ ಹತ್ತಿರದ ವಾಲ್ಕನ್ಸ್‌ವಾರ್ಡ್‌ನ ಮರಳು ನೆಲದಲ್ಲಿ ಮೈದಾನ ಎದ್ದಿತು. ಆಲೂಗಡ್ಡೆ ಕುಟುಂಬದಿಂದ ಅಲ್ಲಿಗೆ 45 ವರ್ಷ, ಕೆಲವೇ ಮೈಲಿ.

ಅದಕ್ಕೂ ಒಂದು ವರ್ಷ ಮೊದಲು, 1929ರಲ್ಲಿ, ಉಟ್ರೆಕ್ಟ್ ಹತ್ತಿರ ಡೆ ಪಾನ್. ಮರಳು ದಿಬ್ಬಗಳ ನಡುವಿನ ಬೋಗುಣಿಯಂಥ ತಗ್ಗಿಗೆ ಡಚ್ಚರು ಪಾನ್ ಅಂತಾರೆ. ಕೋಲ್ಟ್ ಆ ತಗ್ಗುಗಳನ್ನು ಮುಚ್ಚಲಿಲ್ಲ, ಏರಿಸಿ ಇಳಿಸಿ ಆಟವನ್ನು ಅವುಗಳ ಮೂಲಕವೇ ಹಾಯಿಸಿದ. ಹ್ಯಾಂಬರ್ಗ್ ಹತ್ತಿರದ ಫಾಲ್ಕನ್‌ಸ್ಟೈನ್ ಕೂಡ 1930ರದೇ. ಅಲ್ಲಿ ಪಾಲುದಾರರಾದ ಆಲಿಸನ್, ಮಾರಿಸನ್ ಹೆಸರೂ ಜೊತೆಗಿದೆ. ಆಗ ಮಣ್ಣು ಸರಿಸಲು ಮುಖ್ಯವಾಗಿ ಇದ್ದದ್ದು ಕುದುರೆ, ಸಲಿಕೆ, ಆಳು. ಗುಡ್ಡ ಕರಗಿಸುವ ಯಂತ್ರ ಇಲ್ಲದ್ದರಿಂದ ನೆಲದ ಮಡಿಕೆ ಇದ್ದಂಗೇ ಉಳಿದವು. ಇದು ಬಡತನ ಕೊಟ್ಟ ಸೌಂದರ್ಯ ಅಂತ ನನಗನಿಸ್ತದ.

ನನಗ ಎಲ್ಲಕ್ಕಿಂತ ಹಿಡಿಸಿದ್ದು ಪ್ಯಾರಿಸ್ಸಿನ ಉತ್ತರಕ್ಕಿರುವ ಮೊರ್ಫೊಂಟೇನ್ (ಐದನೇ ಫೋಟೊ). ಮಾಡಿದವನು ಟಾಮ್ ಸಿಂಪ್ಸನ್, ಅವನೂ ವಕೀಲ. ವಕೀಲರಿಗೂ ಹೀತ್‌ಗೂ ಏನು ನಂಟೋ ದೇವರೇ ಬಲ್ಲ. ಮಾಡಿಸಿದವನು ದೃಗ್ವಿಜ್ಞಾನಿಯೂ ಆಗಿದ್ದ ಗ್ರಾಮೋಂ ಡ್ಯೂಕ್. 1913ರಲ್ಲಿ ಒಂಬತ್ತು ಗುರಿಯ ಪುಟ್ಟ ಮೈದಾನ, 1927ರಲ್ಲಿ ಹದಿನೆಂಟರದು. ಪೈನ್ ಮರ, ಬಂಡೆ, ಮರಳುಗುಂಡಿಯ ತುಟಿಯ ಮ್ಯಾಲೆ ಬಾಗಿದ ಹೆದರ್. ಗುಂಡಿ ಎಲ್ಲಿ ಮುಗಿದು ಬಯಲು ಎಲ್ಲಿ ಶುರುವಾಯ್ತು, ಗೊತ್ತೇ ಆಗಲ್ಲ.

ಒಂದು ವಿಚಿತ್ರ ಅದ. ಕುರಿ ಹೋದ ಮೇಲೆ ಹೀತ್ ಬಯಲಿನಲ್ಲಿ ಪೈನ್, ಬರ್ಚ್ ಮರ ಎದ್ದು ಹೆದರ್‌ಗೆ ನೆರಳು ಕವಿಯುತ್ತೆ. ಉಳಿದ ಬಯಲನ್ನ ನೇಗಿಲು ನುಂಗಿತು. ಹಂಗಾಗಿ ಈಗ ಹೆದರ್ ಉಳಿದಿರೋ ತಾಣಗಳಲ್ಲಿ ಈ ಹಳೆ ಗಾಲ್ಫ್ ಮೈದಾನಗಳೂ ಸೇರ್ತಾವ. ಕುರಿ ಮಾಡುತ್ತಿದ್ದ ಕೆಲಸವನ್ನು ಕ್ಲಬ್ಬಿನ ಆಳುಗಳು ಮಾಡ್ತಾರೆ. ಊರಿನವರದಾಗಿದ್ದ ಬಯಲು ಬದುಕಿತು, ಆದರೆ ಬೇಲಿಯೊಳಗೆ.

5/6

"ಇದೆಲ್ಲಾ ಅಲ್ಲಿಯ ಮಾತು, ಇಲ್ಲೇನದ?" ಅಂದ್ರೇನು? ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಸನ್ನಿಂಗ್‌ಡೇಲ್‌ಗಿಂತ 25 ವರ್ಷ ಮುಂಚೆ! ನಮ್ಮ ದೇಶದ ಒಣ ಊರುಗಳಲ್ಲಿ ಹುಲ್ಲು ಉಳಿಯದ ಕಡೆ ಎಣ್ಣೆ ಬೆರೆಸಿದ ಮರಳು ಬಡಿದು ಗ್ರೀನ್ ಮಾಡುತ್ತಿದ್ದರು. ಕಂದು ಬಣ್ಣ ಅಂತ ಅದಕ್ಕೆ ಬ್ರೌನ್ ಅಂತಲೇ ಹೆಸರು.

ಆದ್ರ ಹೀತ್‌ನ ಖರೇ ತಂಗಿ ಇರೋದು ಊಟಿಯೊಳಗ. ಕಾಲೇಜ್ ಟ್ರಿಪ್‌ದಾಗ ಗೂಡಲೂರು ದಾರಿಯಿಂದ ಹೋದವರು ನೆನಪಿಸಿಕೊಳ್ರಿ, ಸಿನಿಮಾ ಹಾಡು ತೆಗೆಯೋ ಹಸಿರು ದಿಬ್ಬಗಳು. ಅವು ವೆನ್‌ಲಾಕ್ ಡೌನ್ಸ್. 1891ರಿಂದ 1896ರವರೆಗೆ ಮದ್ರಾಸ್ ಗವರ್ನರ್ ಆಗಿದ್ದ ಲಾರ್ಡ್ ವೆನ್‌ಲಾಕ್‌ನ ಹೆಸರು. ಅಲ್ಲೇ ಊಟಿ ಜಿಮ್ಖಾನಾದ ಗಾಲ್ಫ್ ಮೈದಾನ. ಊರ ನೆನಪು ಕಾಡಿದ ಇಂಗ್ಲಿಷರು ಹಳದಿ ಹೂವಿನ ಗೋರ್ಸ್ ಎಂಬ ಮುಳ್ಳುಪೊದೆಯನ್ನೂ ತಂದು ನೆಟ್ಟರು. ಅಲ್ಲಿ ಹೀತ್‌ನ ಜೊತೆಗಾರ, ಇಲ್ಲಿ ಹುಲ್ಲುಗಾವಲು ನುಂಗುವ ಕಳೆ.

ಆ ದಿಬ್ಬಗಳು ತೋಡರ ಎಮ್ಮೆ ಮೇಯುವ ನೆಲ. ಪಕ್ಕದ ಹಟ್ಟಿಗಳಲ್ಲಿ ಬಡಗರು, ಅವರ ನುಡಿ ನಮ್ಮ ಕನ್ನಡಕ್ಕೆ ಕಿವಿಗೊಟ್ಟರೆ ಅರ್ಧ ತಿಳಿಯುವಷ್ಟು ಹತ್ತಿರ. ಮರ ಇಲ್ಲದ ಹುಲ್ಲು ಬಯಲು ಕಂಡರೆ ಸರಕಾರದ ಕಣ್ಣಿಗೆ ಅದು ಬರೇ ಖಾಲಿ ಜಾಗ. ಹಂಗಂತ ನೀಲಗಿರಿ, ಅಕೇಶಿಯಾ ಮರ ಹಚ್ಚಿ ಬಹಳಷ್ಟು ಬಯಲು ಮುಚ್ಚಿದರು. ಹಾಲೆಂಡಿನಲ್ಲಿ ಹೀತ್‌ಗೆ ಪೈನ್ ಹಚ್ಚಿದ್ದೂ ಅದೇ ಬುದ್ಧಿಯಿಂದ. ಎರಡು ಕಡೆಯೂ ಕುರುಬ, ಎಮ್ಮೆಯವನನ್ನ ಯಾರೂ ಕೇಳಲಿಲ್ಲ.

6/6

ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಇರೋದು ಹಳೆ ಚಲ್ಲಘಟ್ಟ ಕೆರೆಯ ಅಂಗಳದಲ್ಲಿ. ಕೋಲ್ಟ್ ಇದ್ದಿದ್ರ ಅಲ್ಲಿ ನಿಂತು ಏನಂತಿದ್ದನೋ. ಅವನ ಕಸುಬು ಶುರುವಾಗುತ್ತಿದ್ದದ್ದು ನಡೆಯೋದರಿಂದ. ನೀರು ಎತ್ತ ಹರೀತದ, ದಿಬ್ಬ ಎಲ್ಲಿ ಮಡಚ್ಯದ, ನೋಡಿ ಆಮೇಲೆ ಗೂಟ. ಆ ಕಣ್ಣು ನನಗ ಬೇಕು, ಬೇಲಿ ಬ್ಯಾಡ. ಎರಡನ್ನೂ ಬಿಡಿಸಿ ನೋಡೋದು ಕಷ್ಟ ಅನ್ನೋದೂ ಗೊತ್ತದ. ಮೊರ್ಫೊಂಟೇನ್ ಫೋಟೊ ನೋಡಿದಾಗೆಲ್ಲ ಮೊದಲು ಖುಷಿ ಆಗ್ತದ, ಆಮೇಲೆ ಇಲ್ಲಿ ಕುರಿ ಯಾರವಿದ್ವು ಅಂತ ತಲಿಗೆ ಬರ್ತದ.

ಹೋದ ಐತವಾರ ಕಮಲಾಪುರ ಕಡೆ ಹೋಗಿದ್ದೆ. ಗಂಜ್‌ನಿಂದ ಹೊರಟಾಗ ಕರೀ ಎರಿ, ಹೋಗ್ತಾ ಹೋಗ್ತಾ ಮಣ್ಣು ಕೆಂಪಾಗ್ತದ. ಕೆಂಪು ಬಾಳಿ ಬೆಳೆಯೋ ಆ ಮಣ್ಣಿಗೆ ಈಗ ಭಾಳ ಮರ್ಯಾದಿ, ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಹಣ್ಣದು. ಅದರ ಆಚೆ ಒಂದು ಗಾಯರಾಣ. ಮುರುಮು ಕಲ್ಲು, ಗಿಡ್ಡ ಹುಲ್ಲು, ಜಾಲಿ, ಮಳಿ ನೀರು ಕೊರೆದ ಎರಡು ತಗ್ಗು. ಕುರಿ ಕಾಯೋ ಮುತ್ಯಾ ಒಬ್ಬರು ಕುಂತಿದ್ರು. "ಏನ್ ಫೋಟೊ ಹೊಡೀತಿಯೋ ತಮ್ಮಾ, ಇಲ್ಲೇನೂ ಇಲ್ಲ" ಅಂದ್ರು. ಮುತ್ಯಾ, ಆ ತಗ್ಗಿಗೆ ಏನಂತೀರಿ ಅಂತ ಕೇಳಿದೆ. ತಗ್ಗಿಗೆ ಒಂದು ಹೆಸರು ಹೇಳಿದ್ರು, ದಿಬ್ಬಕ್ಕೊಂದು, ಕಲ್ಲಿಗೊಂದು, ಮಳಿಗಾಲದಾಗ ಮಾತ್ರ ಹುಲ್ಲು ಬರೋ ಮೂಲಿಗೆ ಇನ್ನೊಂದು. ಏನೂ ಇಲ್ಲದ ಜಾಗಕ್ಕ ನಾಕು ಹೆಸರು!

ಕೊನೇ ಫೋಟೊ ಅದೇ. ನಿಮ್ಮೂರ ಗಾಯರಾಣದ ತಗ್ಗು, ದಿಬ್ಬಕ್ಕ ಏನ್ ಹೆಸರದ? ಮನಿಯಾಗ ಹಿರಿಯರಿಗೆ ಕೇಳಿ ಬರೀರಿ. ಸಿಕ್ಕ ಹೆಸರು ಎಲ್ಲಾ ಕೂಡಿಸಿ ಮುಂದಿನ ವಾರ ಹಾಕ್ತೀನಿ.

#ಕಲಬುರಗಿ #ನೆಹರುಗಂಜ್ #ಕಮಲಾಪುರ #ಗಾಯರಾಣ #ಮಣ್ಣಿನಕಥಿ