ಹಾವುಮೀನಿನ ಬುತ್ತಿ

ಕುಂದಗೋಳ, ನವಲಗುಂದಗಳ ಎರೆಭೂಮಿಯಲ್ಲಿ ಬಿದ್ದ ಮಳೆ ಬೆಣ್ಣಿಹಳ್ಳವನ್ನು ಸೇರಿ, ಮಲಪ್ರಭೆಯ ಪಾಲಾಗಿ, ಕೃಷ್ಣೆಯೊಡನೆ ಮೂಡಣ ಕಡಲಿಗೆ ಹೋಗುತ್ತದೆ. ಅದೇ ಧಾರವಾಡ ಜಿಲ್ಲೆಯ ಕಲಘಟಗಿಯ ನೀರು ಬೇಡ್ತಿಯಾಗಿ ಪಡುವಣಕ್ಕೆ ತಿರುಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರು ಹೊತ್ತು ಅಂಕೋಲೆಯ ಬಳಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಇದನ್ನು ನೆನೆದು ನಮ್ಮ ಬಯಲುಸೀಮೆಯವರು “ಇಷ್ಟು ನೀರು ಸುಮ್ಮನೆ ಸಮುದ್ರಕ್ಕೆ ಹೋಯಿತಲ್ಲ!” ಎಂದು ನಿಟ್ಟುಸಿರು ಬಿಡುವುದುಂಟು. ಮುಗಿಲನ್ನೇ ನೋಡುತ್ತ ಕುಳಿತವನ ನಿಟ್ಟುಸಿರದು, ಹಗುರವಾಗಿ ಕಾಣತಕ್ಕದ್ದಲ್ಲ. ಆದರೆ ಹೋದ ನೀರು ನಿಜವಾಗಿ ಸುಮ್ಮನೆ ಹೋಯಿತೆ? ಹಾವುಮೀನಿನ ಊಟದ ಚರಿತ್ರೆ ಬೇರೆಯೇ ಉತ್ತರವನ್ನು ಹೇಳುತ್ತದೆ.

ಹಾವಿನಂತೆ ಉದ್ದವಾದ ಮೀನನ್ನೆಲ್ಲ ಹಾವುಮೀನೆಂದು ಕರೆಯುವುದು ರೂಢಿ. ನಮ್ಮ ಹೊಳೆಗಳ ಮುಳ್ಳುಬೆನ್ನಿನ ಹಾವುಮೀನು ಸಿಹಿನೀರಿನಲ್ಲಿ ಹುಟ್ಟಿ ಅಲ್ಲಿಯೇ ಸಾಯುವಂಥದು. ಇಲ್ಲಿ ಹೇಳುವುದು ಅದರ ಮಾತಲ್ಲ. ಕಡಲಿನಲ್ಲಿ ಹುಟ್ಟಿ, ಅಳಿವೆ ಹಿನ್ನೀರುಗಳಿಗೆ ಬಂದು ಬೆಳೆದು, ಸಂತಾನಕ್ಕಾಗಿ ಮತ್ತೆ ಕಡಲಿಗೆ ಮರಳುವ ಮೀನಿನ ಮಾತು. ವಿಜ್ಞಾನಿಗಳು ಆಂಗ್ವಿಲ್ಲ ಎನ್ನುವ ಈ ಕುಲದ ಬೆಂಗಾಲೆನ್ಸಿಸ್, ಬೈಕಲರ್ ಎಂಬ ಎರಡು ಜಾತಿಗಳು ಭಾರತದ ನೀರಿನಲ್ಲಿವೆ.

ಮೀನಿನ ಮೇವಿನ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಅಣ್ಣಿಗೇರಿಯನ್ನು ರಾಜಧಾನಿ ಮಾಡಿಕೊಂಡಿದ್ದ ಕಲ್ಯಾಣ ಚಾಲುಕ್ಯರ ನಾಲ್ವಡಿ ಸೋಮೇಶ್ವರನ ಅಜ್ಜ, ಮುಮ್ಮಡಿ ಸೋಮೇಶ್ವರ, 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಅದರಲ್ಲಿ ‘ಮತ್ಸ್ಯವಿನೋದ’ವೆಂದೇ ಒಂದು ಭಾಗವುಂಟು. ಕಡಲ ಮೀನು ಯಾವುದು, ಹೊಳೆಯದು ಯಾವುದು, ಹುರುಪೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಎಂಥ ಮೇವು ಹಾಕಬೇಕು ಎಂಬುದನ್ನೆಲ್ಲ ಅರಸ ಅಲ್ಲಿ ವಿವರಿಸಿದ್ದಾನೆ. ಗಾಳ ಹಾಕುವವನಿಗೆ ಮೀನಿನ ಬಾಯಿರುಚಿ ಗೊತ್ತಿರಬೇಕು ಎಂಬುದು ಅವನ ಲೆಕ್ಕ.

ಹಾವುಮೀನಿನ ಬಾಯಿರುಚಿಯನ್ನು ಮೀನುಗಾರರೂ ಬಲ್ಲರು. ಹುಟ್ಟನ್ನು ಮಾತ್ರ ಬಲ್ಲವರಿರಲಿಲ್ಲ. ಮೊಟ್ಟೆ ಹೊತ್ತ ಹಾವುಮೀನನ್ನು ಕಾಣದೆ ಅರಿಸ್ಟಾಟಲನು ಅದು ಕೆಸರಿನಿಂದಲೇ ಹುಟ್ಟುತ್ತದೆಂದುಬಿಟ್ಟ. ಇಟಲಿಯಲ್ಲಿ ಪೋ ನದಿಯ ಮುಖದ ಬಳಿ ಕೊಮಾಕ್ಯೊ ಎಂಬ ಊರಿದೆ. ಸುತ್ತಲೂ ಉಪ್ಪುನೀರಿನ ವಿಶಾಲವಾದ ಹಿನ್ನೀರು. ವಸಂತದಲ್ಲಿ ಕಡಲಿನಿಂದ ಬರುವ ಮರಿಗಳನ್ನು ಒಳಗೆ ಬಿಟ್ಟುಕೊಂಡು, ವರುಷಗಟ್ಟಲೆ ಮೇಯಗೊಟ್ಟು, ಶರತ್ಕಾಲದ ಕಗ್ಗತ್ತಲೆಯ ಬಿರುಗಾಳಿಯ ರಾತ್ರಿಗಳಲ್ಲಿ ಅವು ಹೊರಡುವಾಗ ಜೊಂಡಿನ ತಟ್ಟಿಗಳಲ್ಲಿ ಹಿಡಿಯುವುದು ಆ ಊರಿನ ಕಸುಬು. 1792ರಲ್ಲಿ ಅಲ್ಲಿಗೆ ಹೋದ ವಿಜ್ಞಾನಿ ಸ್ಪಲ್ಲಾಂಜಾನಿ ಬೆಸ್ತರನ್ನು ಕೇಳಿದ. ತಲೆತಲಾಂತರದಿಂದ ಹಾವುಮೀನನ್ನೇ ಕೊಯ್ದವರು ಒಂದರ ಹೊಟ್ಟೆಯಲ್ಲಿಯೂ ಮೊಟ್ಟೆಯನ್ನು ಕಂಡಿರಲಿಲ್ಲ.

ಈ ಒಗಟಿಗೂ ಊಟಕ್ಕೂ ನಂಟುಂಟು. ಹಿನ್ನೀರಿನಲ್ಲಿರುವಷ್ಟು ಕಾಲ ಹಾವುಮೀನು ಬರಿಯ ಹೊಟ್ಟೆಬಾಕ. ಹಗಲು ಕೆಸರಿನಲ್ಲಿಯೋ ಕಲ್ಲಿನ ಸಂದಿಯಲ್ಲಿಯೋ ಅಡಗಿದ್ದು ರಾತ್ರಿ ಹೊರಬೀಳುತ್ತದೆ. ಕಣ್ಣಿಗಿಂತ ಮೂಗನ್ನೇ ನಂಬಿದ ಪ್ರಾಣಿ ಅದು. ಚಿಕ್ಕದಿದ್ದಾಗ ಹುಳು, ಸಣ್ಣ ಸಿಗಡಿ. ಬೆಳೆದ ಮೇಲೆ ಏಡಿ, ಮೀನು. ತುತ್ತು ದೊಡ್ಡದಾದರೆ ಬಾಯಲ್ಲಿ ಕಚ್ಚಿ ಹಿಡಿದು, ಮೈಯನ್ನೇ ಗಿರಗಿರನೆ ತಿರುಗಿಸಿ, ಚೂರನ್ನು ಹರಿದುಕೊಳ್ಳುತ್ತದೆ. ಮೆತ್ತನೆಯದನ್ನು ತಿಂದು ಬೆಳೆದದ್ದರ ತಲೆ ಕಿರಿದು. ಮೀನು ಏಡಿಗಳನ್ನು ತಿಂದು ಬೆಳೆದದ್ದರ ತಲೆ ಅಗಲ.

ಹೀಗೆ ತಿಂದದ್ದೆಲ್ಲ ಮೈಯಲ್ಲಿ ಕೊಬ್ಬಾಗಿ ಕೂಡುತ್ತದೆ. ಒಂದು ದಿನ ಹಳದಿ ಮೈ ಬೆಳ್ಳಗಾಗಿ, ಕಣ್ಣು ದೊಡ್ಡದಾಗಿ, ಕರುಳು ಕುಗ್ಗುತ್ತದೆ. ಅಂದಿಗೆ ಊಟ ಮುಗಿಯಿತು. ಯುರೋಪಿನ ಹಾವುಮೀನು ಅಲ್ಲಿಂದ ಸುಮಾರು 6000 ಕಿಲೊಮೀಟರು ಉಪವಾಸದಲ್ಲಿಯೇ ಈಜಬೇಕು. ಮೊಟ್ಟೆ ಬಲಿಯುವುದೂ ಆ ಪಯಣದಲ್ಲಿಯೇ. ಕೊಮಾಕ್ಯೊದ ಬೆಸ್ತರಿಗೆ ಕಾಣದೆ ಹೋದದ್ದು ಅದಕ್ಕೇ. ಇಟಲಿಯ ಗ್ರಾಸಿ 1896ರಲ್ಲಿ, ಎಲೆಯಂತಿದ್ದ ಕಡಲ ಮೀನೊಂದು ಹಾವುಮೀನಿನ ಮರಿಯೇ ಎಂದು ತೋರಿಸಿದ. ಡೆನ್ಮಾರ್ಕಿನ ಸ್ಮಿಟ್ 1904ರಿಂದ ಅಟ್ಲಾಂಟಿಕವನ್ನು ಜಾಲಾಡಿ, 1922ರಲ್ಲಿ ಅದರ ತವರು ಸರ್ಗಾಸೊ ಸಮುದ್ರವೆಂದು ಪ್ರಕಟಿಸಿದ. ಹಿನ್ನೀರಿನಲ್ಲಿ ಕಟ್ಟಿಕೊಂಡ ಬುತ್ತಿಯನ್ನು ಕಡಲಿನುದ್ದಕ್ಕೂ ಬಿಚ್ಚುತ್ತ ಹೋಗುವುದೇ ಅದರ ಬಾಳು.

ಆ ಬುತ್ತಿಯನ್ನು ಕಟ್ಟಿಕೊಡುವವರು ಯಾರು? ನದಿ. ಗಂಗಾವಳಿಯ ಅಳಿವೆಯ ಮಾತನ್ನೇ ನೋಡಿರಿ. ಮಾಗೋಡಿನಲ್ಲಿ ಸುಮಾರು 200 ಮೀಟರು ಧುಮುಕುವ ನೀರನ್ನು ಏರಿ ಹಾವುಮೀನು ಕಲಘಟಗಿಗೆ ಬರುತ್ತದೆಂದು ನಾನು ಹೇಳುವುದಿಲ್ಲ. ಅದು ಬರಬೇಕಾಗಿಯೂ ಇಲ್ಲ. ಕಲಘಟಗಿಯೇ ಅದರ ಬಳಿಗೆ ಹೋಗುತ್ತದೆ. ಹೊಲದ ಮಣ್ಣು, ಕಾಡಿನ ತರಗೆಲೆಗಳನ್ನು ಹೊತ್ತು ಬೇಡ್ತಿ ಇಳಿಯುತ್ತದೆ. ಕೆಳಗೆ ಅವು ಕೊಳೆತು ಹುಳುವಿಗೆ ಅನ್ನವಾಗುತ್ತವೆ. ಹುಳು ಸಿಗಡಿಗೆ, ಸಿಗಡಿ ಮೀನಿಗೆ. ಅಳಿವೆಯ ಗಜನಿ ಗದ್ದೆಗಳಲ್ಲಿ ಮಳೆಗಾಲದ ಸಿಹಿನೀರು ಉಪ್ಪನ್ನು ತಳ್ಳಿದಾಗ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಉಬ್ಬರದ ನೀರು ನುಗ್ಗಿ, ಕೊಳೆತ ಕೂಳೆಯ ನಡುವೆ ಸಿಗಡಿ ಮೀನುಗಳು ಮೇಯುತ್ತವೆ. ಒಂದೇ ಗದ್ದೆಯಲ್ಲಿ ಎರಡು ಪಂಕ್ತಿಯ ಊಟ!

ಹಾಗೆಂದು ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಮಲಪ್ರಭೆಯ ಕಾಲುವೆಯ ರೈತರು 1980ರ ಜುಲೈ 21ರಂದು ನವಲಗುಂದ ನರಗುಂದಗಳಲ್ಲಿ ಗುಂಡಿಗೆ ಎದೆಯೊಡ್ಡಿದ್ದನ್ನು ಈ ನಾಡು ಮರೆಯದು. ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಮಾತೂ ಬಹುಕಾಲದಿಂದ ನಡೆದಿದೆ. ಆ ಲೆಕ್ಕ ಹಾಕುವಾಗ ಕೊಮಾಕ್ಯೊವನ್ನೂ ಒಮ್ಮೆ ನೆನೆಯುವುದು ಒಳ್ಳೆಯದು. 20ನೆಯ ಶತಮಾನದಲ್ಲಿ ಅಲ್ಲಿನ ಹಿನ್ನೀರಿನ ಬಹುಭಾಗವನ್ನು ಬತ್ತಿಸಿ ಹೊಲ ಮಾಡಿದರು. ಹೊಲ ದೊರೆಯಿತು, ಹಾವುಮೀನು ಮೇಯುತ್ತಿದ್ದ ಮಾಳ ಹೋಯಿತು. ನದಿಗಳಿಗೆ ಅಡ್ಡಗಟ್ಟೆಗಳೂ ಬಂದವು, ಹಿಡಿಯುವ ಕೈಗಳೂ ಹೆಚ್ಚಿದವು. 1980ರಿಂದೀಚೆಗೆ ಯುರೋಪಿನ ನದಿಗಳಿಗೆ ಬರುವ ಮರಿಗಳು ನೂರಕ್ಕೆ 90ಕ್ಕಿಂತಲೂ ಹೆಚ್ಚು ಕಡಿಮೆಯಾಗಿವೆ.

ಬಾಯಾರಿದವನಿಗೆ ನೀರು ಬೇಡವೆನ್ನುವುದು ಧರ್ಮವಲ್ಲ. ಸಮುದ್ರಕ್ಕೆ ಹೋದ ನೀರನ್ನು ‘ವ್ಯರ್ಥ’ದ ಖಾತೆಗೆ ಬರೆಯುವುದು ಲೆಕ್ಕವೂ ಅಲ್ಲ. ಕಣ್ಣಿಗೆ ಕಾಣದ ಪಂಕ್ತಿಯಲ್ಲಿ ಉಣ್ಣಲು ಕುಳಿತವರೂ ಇದ್ದಾರೆ. ಎಲೆಯನ್ನು ಎಳೆಯುವ ಮುನ್ನ ಅವರನ್ನೂ ಎಣಿಸಬೇಕು.