ಸಾರಜನಕ ಒಂದೇ, ಸೊಪ್ಪು ಬೇರೆ

"ಯೂರಿಯಾ ಹಾಕಿ ಬೆಳೆಸಿದ ಸೊಪ್ಪು" ಅನ್ನೋದು ಈಗ ನಮ್ಮಲ್ಲಿ ಬೈಗುಳವೇ ಆಗಿಬಿಟ್ಟಿದೆ. ನಾನೂ ಮಾರುಕಟ್ಟೆಯಲ್ಲಿ ಅಗಲ ಎಲೆಯ ಕಡುಹಸಿರು ಪಾಲಕ್ ಕಂಡರೆ ಅನುಮಾನದಿಂದಲೇ ನೋಡುತ್ತೇನೆ. ಆದರೆ ತಮಾಷೆ ಏನೆಂದರೆ, ಗಿಡ ಯೂರಿಯಾವನ್ನು ಯೂರಿಯಾ ಆಗಿಯೇ ತಿನ್ನುವುದು ಬಹಳ ಕಡಿಮೆ. ಮಣ್ಣಿಗೆ ಬಿದ್ದ ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ, ಆಮೇಲೆ ನಿಧಾನಕ್ಕೆ ನೈಟ್ರೇಟ್ ಆಗುತ್ತದೆ. ಬೇರಿಗೆ ಸಿಗುವುದು ಮುಖ್ಯವಾಗಿ ಇವೆರಡೇ. ಇವೆರಡರಲ್ಲಿ ಯಾವುದು ಒಳ್ಳೆಯದು ಅನ್ನೋ ಜಗಳಕ್ಕೆ ನೂರೈವತ್ತು ವರ್ಷ ದಾಟಿದೆ.

ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬಿಬ್ಬರು 1856ರಲ್ಲಿ ಒಂದು ಹುಲ್ಲುಗಾವಲನ್ನು ಪಟ್ಟಿ ಪಟ್ಟಿಯಾಗಿ ಹಂಚಿ ಪ್ರಯೋಗ ಶುರುಮಾಡಿದರು. ಕೆಲವಕ್ಕೆ ಅಮೋನಿಯಂ ಲವಣ, ಕೆಲವಕ್ಕೆ ಸೋಡಿಯಂ ನೈಟ್ರೇಟ್. ಮೊದಲನೆಯದು ಕಲ್ಲಿದ್ದಲ ಗ್ಯಾಸ್ ಕಾರ್ಖಾನೆಗಳ ಉಪ ಉತ್ಪನ್ನ, ಎರಡನೆಯದು ದಕ್ಷಿಣ ಅಮೆರಿಕದ ಅಟಕಾಮಾ ಮರುಭೂಮಿಯಿಂದ ಹಡಗಿನಲ್ಲಿ ಬರುತ್ತಿದ್ದದ್ದು. ವರ್ಷಗಳು ಕಳೆದ ಹಾಗೆ ಅಮೋನಿಯಂ ಹಾಕಿದ ಪಟ್ಟಿಗಳ ಮಣ್ಣು ಹುಳಿಯಾಯಿತು. ಹತ್ತಾರು ಜಾತಿಯ ಗಿಡಗಳಿದ್ದ ಕಡೆ ಹುಳಿ ತಡೆಯುವ ಕೆಲವೇ ಹುಲ್ಲುಗಳು ಉಳಿದವು. ನೈಟ್ರೇಟ್ ಪಟ್ಟಿಗಳಲ್ಲಿ ಹಾಗಾಗಲಿಲ್ಲ. ಆ ಪ್ರಯೋಗ ಇವತ್ತಿಗೂ ನಡೀತಾ ಇದೆ!

ಹುಳಿಯಾದದ್ದೇಕೆ? ಉತ್ತರದ ಎಳೆ ಸಿಕ್ಕಿದ್ದು 1877ರಲ್ಲಿ, ಫ್ರಾನ್ಸಿನಲ್ಲಿ. ಶ್ಲೋಸಿಂಗ್ ಮತ್ತು ಮುಂಟ್ಜ್ ಮರಳು-ಸುಣ್ಣಕಲ್ಲು ತುಂಬಿದ ಕೊಳವೆಯಲ್ಲಿ ಚರಂಡಿ ನೀರು ಇಳಿಸಿದರು. ಮೇಲೆ ಅಮೋನಿಯಾ ಹಾಕಿದರೆ ಕೆಳಗೆ ನೈಟ್ರೇಟ್ ಬರುತ್ತಿತ್ತು. ಕ್ಲೋರೋಫಾರ್ಮ್ ಬಿಟ್ಟರು, ನಿಂತುಹೋಯಿತು. ಅಂದರೆ ಕೆಲಸ ಮಾಡುತ್ತಿದ್ದದ್ದು ಜೀವಿಗಳು. ಅವು ಅಮೋನಿಯಂ ಅನ್ನು ನೈಟ್ರೇಟ್ ಮಾಡುವಾಗಲೇ ಆಮ್ಲ ಹೊರಬರುತ್ತದೆ. ಎಂಥ ಚೆಂದದ ಪ್ರಯೋಗ ನೋಡಿ.

ನೈಟ್ರೇಟ್ ನೆಲಕ್ಕಾಗಿ 1879ರಿಂದ ಚಿಲಿ, ಪೆರು, ಬೊಲಿವಿಯಾ ಯುದ್ಧವನ್ನೇ ಮಾಡಿದವು. ಬೊಲಿವಿಯಾ ತನ್ನ ಕಡಲತೀರವನ್ನೇ ಕಳೆದುಕೊಂಡಿತು. 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಹೇಬರ್-ಬಾಷ್ ವಿಧಾನದ ಕಾರ್ಖಾನೆ ಶುರುವಾದ ಮೇಲೆ ಗಾಳಿಯಿಂದಲೇ ಅಮೋನಿಯಾ ಬಂತು. ನಮ್ಮ ಬೆಳಗೊಳದಲ್ಲೂ ಮೈಸೂರು ಸಂಸ್ಥಾನದ ಕಾಲದಲ್ಲೇ ಅಮೋನಿಯಂ ಸಲ್ಫೇಟ್ ತಯಾರಾಗುತ್ತಿತ್ತು. ಯೂರಿಯಾದ ದರ್ಬಾರು ಆಮೇಲಿನದು.

ಈಗ ಸೊಪ್ಪಿಗೆ ಬರೋಣ. ಬರೀ ಅಮೋನಿಯಂ ಕೊಟ್ಟರೆ ಪಾಲಕ್ ಜಾತಿ ಕುಗ್ಗುತ್ತದೆ, ಬೇರು ಸೊರಗುತ್ತದೆ. ನೈಟ್ರೇಟ್ ಕೊಟ್ಟರೆ ಎಲೆ ಸೊಂಪಾಗಿ ಬರುತ್ತದೆ, ಆದರೆ ಬಳಸಿ ಉಳಿದ ನೈಟ್ರೇಟನ್ನು ಗಿಡ ತನ್ನೊಳಗೇ ಕೂಡಿಡುತ್ತದೆ. ಎಲೆಗಿಂತ ತೊಟ್ಟಿನಲ್ಲಿ ಹೆಚ್ಚು. ಅದನ್ನು ಕರಗಿಸಿ ಪ್ರೋಟೀನ್ ಮಾಡಲು ಬೆಳಕು ಬೇಕು, ಹಾಗಾಗಿ ಮೋಡದ ದಿನಗಳಲ್ಲಿ ಕೂಡಿಕೆ ಜಾಸ್ತಿ. ಜೊತೆಗೆ ಆಕ್ಸಲೇಟ್ ಕೂಡ ಏರುತ್ತದೆ, ಮೂತ್ರಪಿಂಡದ ಕಲ್ಲಿನವರಿಗೆ ಗೊತ್ತಿರುವ ಹೆಸರು.

ಇದು ಬರೀ ರುಚಿಯ ಮಾತಲ್ಲ. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಕಾಮ್ಲಿ ಎಂಬ ವೈದ್ಯರು, ನೈಟ್ರೇಟ್ ತುಂಬಿದ ಬಾವಿ ನೀರಿನಿಂದ ಹಸುಗೂಸುಗಳು ನೀಲಿಗಟ್ಟುವುದನ್ನು ವರದಿ ಮಾಡಿದರು. 1960ರ ದಶಕದಲ್ಲಿ ಜರ್ಮನಿಯಲ್ಲಿ, ಬೇಯಿಸಿ ಹಾಗೇ ಇಟ್ಟ ಪಾಲಕ್ ತಿಂದ ಮಕ್ಕಳಿಗೂ ಹಾಗೇ ಆಯಿತು. ಇಟ್ಟಲ್ಲೇ ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರೈಟ್ ಮಾಡಿರುತ್ತದೆ, ರಕ್ತ ಆಮ್ಲಜನಕ ಹೊರಲಾರದೆ ಹೋಗುತ್ತದೆ. 1997ರಲ್ಲಿ ಯುರೋಪು ಪಾಲಕ್, ಲೆಟ್ಯೂಸ್‌ಗಳಿಗೆ ಮಿತಿ ಹಾಕಿತು. ತಾಜಾ ಪಾಲಕ್‌ಗೆ ಈಗಿನ ಮಿತಿ ಕಿಲೋಗೆ 3500 ಮಿಲಿಗ್ರಾಂ. (ಅವರ ಪಾಲಕ್ ಬೇರೆ, ನಮ್ಮ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು ಬೀಟ್‌ರೂಟಿನ ನೆಂಟ. ಕುಟುಂಬ ಒಂದೇ.)

ಹಾಗಂತ ಸೊಪ್ಪು ಬಿಡಬೇಡಿ. ತರಕಾರಿಯ ಲಾಭವೇ ಹೆಚ್ಚು ಅಂತ ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ 2008ರಲ್ಲೇ ಹೇಳಿದೆ. ನನ್ನ ತಕರಾರು ಯೂರಿಯಾದ ಮೇಲಲ್ಲ, ಅಳತೆ ಮೀರಿ ಸುರಿದು ವಾರದೊಳಗೆ ಕಿತ್ತು ಮಾರುವ ಆತುರದ ಮೇಲೆ. ಕೊಟ್ಟಿಗೆ ಗೊಬ್ಬರ ಅತಿಯಾದರೂ ಕೊನೆಗೆ ಬರುವುದು ಅದೇ ನೈಟ್ರೇಟ್. ನಾನೀಗ ಕುಂಡದ ಸೊಪ್ಪನ್ನು ಬಿಸಿಲು ಕಂಡ ಸಂಜೆ ಕೊಯ್ಯುತ್ತೇನೆ, ದಪ್ಪ ತೊಟ್ಟು ತೆಗೆಯುತ್ತೇನೆ. ಬೇಯಿಸಿದ ನೀರು ಚೆಲ್ಲಿದರೆ ನೈಟ್ರೇಟ್ ಇನ್ನೂ ಇಳಿಯುತ್ತದಂತೆ... ಆದರೆ ಆ ನೀರು ಚೆಲ್ಲಿದರೆ ಬಸ್ಸಾರು ಮಾಡೋದು ಹೇಗೆ ಸ್ವಾಮಿ?